ಟೈಲರ್: ಮೀಡಿಯಂ, ಆಮೇಲೆ ಕ್ಲೋಸ್

ನಲವತ್ತಾರನೆಯ ವಯಸ್ಸಿನಲ್ಲಿ ಗಂಡ ಬಂದು "ನಾನು ನೋಡೋದನ್ನ ಕಲೀಬೇಕು" ಎಂದರೆ ಯಾವ ಹೆಂಡತಿಯಾದರೂ ಮೊದಲು ಕಣ್ಣಿನ ಡಾಕ್ಟರ ಹೆಸರನ್ನೇ ಎತ್ತುತ್ತಾಳೆ. ನಕ್ಷೆಯವನ ಹೆಂಡತಿಯೂ ಅದನ್ನೇ ಮಾಡಿದಳು. ಮುಂದೆ ನಡೆದದ್ದನ್ನೆಲ್ಲ ನೋಡಿದರೆ, ಅವನು ಅವತ್ತೇ ಅವಳ ಮಾತು ಕೇಳಬಹುದಿತ್ತು.

ನಕ್ಷೆಯವನು ಎಂಬುದು ಅವನ ಹೆಸರಲ್ಲ. ಪೌರ ಕಚೇರಿಯ ನಕ್ಷೆ ವಿಭಾಗದಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಮನೆ ಕಟ್ಟುವವರು ತರುವ ನಕ್ಷೆಗಳನ್ನು ಸುರುಳಿ ಸುತ್ತುವುದು, ದಾರ ಕಟ್ಟುವುದು, ಕಪಾಟಿನಲ್ಲಿಡುವುದು, ಯಾರಾದರೂ ಕೇಳಿದ ದಿನ ಅದು ಆ ಕಪಾಟಿನಲ್ಲಿ ಇಲ್ಲವೆಂದು ಪತ್ತೆ ಮಾಡುವುದು ಅವನ ಕೆಲಸ. ಬೀದಿಯವರೆಲ್ಲ "ನಕ್ಷೆಯವರೇ" ಎಂದು ಕರೆದು ಕರೆದು, ಅಂಚೆಯವನಿಗೂ ಬೇರೆ ಹೆಸರು ಮರೆತುಹೋಗಿತ್ತು.

ಇಂಥವನು ಯಾರಿಗೂ ಬಾಯಿ ಬಿಡದೆ, ಊರಿನ ಆಚೆ ತುದಿಯ ಕಾಲೇಜಿಗೆ ಅರ್ಜಿ ಹಾಕಿ, ಒಂದು ವರ್ಷದ ಸಿನಿಮಾ ಅಧ್ಯಯನದ ಕೋರ್ಸಿನಲ್ಲಿ ಸೀಟು ಗಿಟ್ಟಿಸಿಕೊಂಡಿದ್ದ. ಇದ್ದದ್ದು ಹದಿನಾರು ಸೀಟು. ಇವನದು ಹದಿನಾರನೆಯದು.

ಕಾಲೇಜಿನ ಕಾಗದವನ್ನು ಹೆಂಡತಿ ತಲೆಬರಹದಿಂದ ಹಿಡಿದು ಕೆಳಗಿನ ಮುದ್ರಣಾಲಯದ ವಿಳಾಸದವರೆಗೆ ಓದಿದಳು. ಅವಳು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಕಾಗದವನ್ನು ಪೂರ್ತಿ ಓದದೆ ಬಂದು ತನ್ನ ಪ್ರಾಣ ತಿನ್ನುವವರನ್ನು ದಿನವೂ ನೋಡುವವಳು.

"ಇದರಲ್ಲಿ ಆಕ್ಟಿಂಗ್ ಕಲಿಸ್ತಾರಾ?"

"ಇಲ್ಲ."

"ಕ್ಯಾಮರಾ?"

"ಇಲ್ಲ. ಸಿನಿಮಾ ಹೇಗೆ ನೋಡೋದು ಅಂತ ಕಲಿಸ್ತಾರೆ."

"ಇಷ್ಟು ದಿನ ಹೇಗೆ ನೋಡ್ತಿದ್ರಿ?"

"ಸುಮ್ಮನೆ ನೋಡ್ತಿದ್ದೆ."

ಅವಳು ಕಾಗದ ಮಡಿಚಿ ಅವನ ಕೈಗಿಟ್ಟಳು. "ನಾಳೆ ನಮ್ಮ ಆಸ್ಪತ್ರೆಗೆ ಬನ್ನಿ. ಮೂರನೇ ರೂಮು. ಕಣ್ಣು, ಕಿವಿ ಎರಡೂ ನೋಡ್ತಾರೆ."

ಕಾಗದದ ಪ್ರಕಾರ ತರಗತಿ ವಾರದಲ್ಲಿ ಐದು ದಿನ, ಸಂಜೆ ಐದೂವರೆಯಿಂದ ಎಂಟು. ಅದಕ್ಕೆ ಮುಂಚೆ, ಬೇಸಿಗೆಯಲ್ಲೇ, ಸಿದ್ಧತೆ ಆಗಬೇಕು. ಪಟ್ಟಿಯಲ್ಲಿರುವ ಹನ್ನೆರಡು ಸಿನಿಮಾ ನೋಡಬೇಕು. ಸಿನಿಮಾದ ಇಪ್ಪತ್ತು ಪದಗಳನ್ನು ದಿನದ ಮಾತಿನಲ್ಲಿ ಬಳಸಿ ಬಾಯಿಗೆ ರೂಢಿ ಮಾಡಿಕೊಳ್ಳಬೇಕು. ರಟ್ಟಿನಲ್ಲಿ ಒಂದು ಚೌಕಟ್ಟು ಕತ್ತರಿಸಿಕೊಂಡು, ಅದರ ಮೂಲಕ ಒಂದೇ ಬೀದಿಯನ್ನು ಮೂವತ್ತು ದಿನ, ದಿನಕ್ಕೊಂದು ಗಂಟೆ ನೋಡಿ, ಕಂಡದ್ದನ್ನು ಆ ಪದಗಳಲ್ಲೇ ಡೈರಿಯಾಗಿ ಬರೆಯಬೇಕು. ಬೇಸಿಗೆಯ ಕೊನೆಯ ಶುಕ್ರವಾರದೊಳಗೆ ಡೈರಿ ತಲುಪಬೇಕು. ನೌಕರಿಯಲ್ಲಿರುವವರು ತಮ್ಮ ಮೇಲಧಿಕಾರಿಯಿಂದ ಒಪ್ಪಿಗೆ ಪತ್ರ ತರಬೇಕು. ಎರಡರಲ್ಲಿ ಒಂದು ತಪ್ಪಿದರೂ ಸೀಟು ಹದಿನೇಳನೆಯವರಿಗೆ.

ಹದಿನೇಳನೆಯವರು ಯಾರೋ ಏನೋ, ಆ ಬೇಸಿಗೆಯೆಲ್ಲ ನಕ್ಷೆಯವನ ಬೆನ್ನ ಹಿಂದೆಯೇ ಉಸಿರಾಡುತ್ತಿದ್ದರು.

ಮೊದಲ ಸಿನಿಮಾದಲ್ಲಿ ಒಬ್ಬ ಬಸ್ಸಿಗೆ ಕಾದ. ನಲವತ್ತು ನಿಮಿಷ ಕಾದ. ಹೆಂಡತಿ ಬಟ್ಟೆ ಮಡಿಚುತ್ತ ಅರ್ಧ ತಾಸು ನೋಡಿ, "ಪಾಪ, ಅವನಿಗೆ ಯಾರಾದರೂ ಹೇಳಬಾರದಾ, ಆ ಬಸ್ಸು ಈಗ ಇಲ್ಲಿ ನಿಲ್ಲಲ್ಲ ಅಂತ," ಎಂದು ಎದ್ದುಹೋದಳು. ಸಿನಿಮಾದ ಕೊನೆಗೆ ಗೊತ್ತಾದದ್ದೂ ಅದೇ. ನಕ್ಷೆಯವನಿಗೆ ಅವತ್ತು ಬಹಳ ಸಿಟ್ಟು ಬಂತು.

ಪದಗಳ ರೂಢಿಯೂ ಅಷ್ಟೇನೂ ಕೈಹತ್ತಲಿಲ್ಲ. ಒಂದು ಸಂಜೆ ಅವನು ಪುಸ್ತಕದಿಂದ ತಲೆಯೆತ್ತಿ, "ಸ್ವಲ್ಪ ಕ್ಲೋಸ್ ಬಾ," ಅಂದ. ಹೆಂಡತಿ ಹೋಗಿ ಬೀದಿ ಬಾಗಿಲು ಹಾಕಿ ಬಂದಳು.

ಚೌಕಟ್ಟಿಗೆ ರಟ್ಟು ಕೊಟ್ಟವನು ಎದುರು ಸಾಲಿನ ಟೈಲರ್. ಇದನ್ನು ಇಲ್ಲೇ ದಾಖಲಿಸುವುದು ಒಳ್ಳೆಯದು, ಏಕೆಂದರೆ ಮುಂದೆ ಆತ ಅದನ್ನು ಪೂರ್ತಿ ನಿರಾಕರಿಸಿದ. ಹೊಸ ಅಂಗಿಯ ಪೊಟ್ಟಣದಿಂದ ರಟ್ಟು ತೆಗೆದು, ತನ್ನ ಕತ್ತರಿಯಲ್ಲೇ ನಡುವೆ ಆಯತ ಕತ್ತರಿಸಿ, "ಏನಕ್ಕೆ ಇದು?" ಎಂದು ಕೇಳಿದ್ದ.

"ನೋಡೋಕೆ," ಅಂದಿದ್ದ ನಕ್ಷೆಯವನು.

"ಏನನ್ನ?"

"ಬೀದಿನ."

ಟೈಲರ್ ಬೀದಿಯ ಕಡೆ ಒಮ್ಮೆ ನೋಡಿದ. ರಟ್ಟಿಲ್ಲದೆಯೇ ಕಾಣುತ್ತಿತ್ತು. ಗಿರಾಕಿಗಳ ಜೊತೆ ವಾದ ಮಾಡಬಾರದೆಂಬುದು ಅವನ ನಿಯಮ, ರಟ್ಟನ್ನು ಕೈಗಿಟ್ಟ.

ಮರುದಿನದಿಂದ, ಕಚೇರಿ ಮುಗಿಸಿ ಬಂದ ನಕ್ಷೆಯವನು ಐದೂವರೆಗೆ ಸರಿಯಾಗಿ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ರಟ್ಟನ್ನು ಮುಖದ ಮುಂದೆ ಹಿಡಿದು, ಎದುರು ಸಾಲಿನ ಮನೆಗಳನ್ನು ಒಂದೊಂದಾಗಿ ಅಳೆಯತೊಡಗಿದ. ಅವನು ಅಳೆಯುತ್ತಿರಲಿಲ್ಲ, ನೋಡುತ್ತಿದ್ದ. ಆದರೆ ಪೌರ ಕಚೇರಿಯ ನಕ್ಷೆ ವಿಭಾಗದವನೊಬ್ಬ ಒಂದು ಕಣ್ಣು ಮುಚ್ಚಿ ನಿಮ್ಮ ಮನೆಯನ್ನು ಒಂದು ಗಂಟೆ ನೋಡಿ ಪುಸ್ತಕದಲ್ಲಿ ಬರೆದುಕೊಂಡರೆ, ಅದಕ್ಕೆ ನೋಡುವುದು ಎನ್ನುವಷ್ಟು ದೊಡ್ಡ ಮನಸ್ಸು ಯಾರಿಗೂ ಇರುವುದಿಲ್ಲ.

ಮೊದಲ ವಾರ ಜನ ನಕ್ಕರು. ಎರಡನೆಯ ವಾರ ಔಷಧಿ ಅಂಗಡಿಯವಳು ಬೀದಿಗೆ ಚಾಚಿಕೊಂಡಿದ್ದ ತನ್ನ ಎರಡು ಮೆಟ್ಟಿಲಿನ ಮೇಲೆ ಹೂವಿನ ಕುಂಡ ತಂದಿಟ್ಟು, ಅವು ಮೆಟ್ಟಿಲೇ ಅಲ್ಲವೆಂಬಂತೆ ಮಾಡಿದಳು. ಎದುರು ಮನೆಯ ತಾತ ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳಿದರು.

"ಏನಪ್ಪಾ, ನಮ್ಮ ಮನೆ ಕಡೆ ಬಹಳ ನೋಡ್ತೀಯಲ್ಲ."

"ಮನೆ ಅಲ್ಲ ತಾತ, ನಿಮ್ಮನ್ನ."

"ನನ್ನಲ್ಲಿ ನೋಡೋದು ಏನು ಉಳಿದಿದೆ?"

"ಬೆಳಕು ಚೆನ್ನಾಗಿ ಬೀಳುತ್ತೆ ನಿಮ್ಮ ಮೇಲೆ."

ತಾತ ಆ ಸಂಜೆ ಮಗಳಿಗೆ ಫೋನ್ ಮಾಡಿ, ಪೌರ ಕಚೇರಿಯವರು ತಮ್ಮ ಮೇಲೆ ಬೀಳುವ ಬೆಳಕಿನ ಲೆಕ್ಕ ಶುರುಮಾಡಿದ್ದಾರೆ ಎಂದು ತಿಳಿಸಿದರು.

ನಿಜವಾದ ಅನಾಹುತ ಆದದ್ದು ಮೂವತ್ತನೆಯ ದಿನ, ಡೈರಿಯ ಕೊನೆಯ ಸಾಲು ಬರೆದ ಮೇಲೆ. ತರಗತಿಗೆಂದು ಒಂದು ಹೊಸ ಅಂಗಿ ಹೊಲಿಸಲು ನಕ್ಷೆಯವನು ಟೈಲರ್ ಅಂಗಡಿಗೆ ಹೋದ, ಕೈ ಎತ್ತಿ ಅಳತೆ ಕೊಟ್ಟ, ಡೈರಿಯನ್ನು ಅಲ್ಲೇ ಹಲಗೆಯ ಮೇಲೆ ಬಿಟ್ಟು ಮನೆಗೆ ಬಂದ.

ಟೈಲರ್ ಅದನ್ನು ತನ್ನ ಅಳತೆ ಪುಸ್ತಕವೆಂದೇ ತೆರೆದ. ಹಾಗೆ ತಿಳಿದದ್ದರಲ್ಲಿ ಅವನ ತಪ್ಪೇನೂ ಇಲ್ಲ. ಮೊದಲ ಪುಟದಲ್ಲೇ "ಟೈಲರ್: ಮೀಡಿಯಂ" ಎಂದಿತ್ತು. ಅವನ ಎದೆ ನಲವತ್ತೆರಡು ಇಂಚು, ಹೊಟ್ಟೆ ಅದಕ್ಕೂ ಹೆಚ್ಚು. ಇಪ್ಪತ್ತು ವರ್ಷದಿಂದ ಅವನಿಗೆ ಮೀಡಿಯಂ ಆಗಿಲ್ಲ. ಅಳತೆಯೇ ಬಾರದವನು ಯಾರೋ ಬರೆದಿದ್ದಾನೆ ಎಂದು ಬೇಸರದಿಂದ ಮುಂದೆ ಓದಿದ. "ತಾತನ ಮನೆ: ಲಾಂಗ್." ಮನೆಗೆ ಎಂಥ ಲಾಂಗು? "ಔಷಧಿ ಅಂಗಡಿ, ಮೆಟ್ಟಿಲು. ಕಟ್." ಇಲ್ಲಿ ಅವನ ಕೈಯಲ್ಲಿದ್ದ ಕತ್ತರಿ ನಿಂತಿತು. "ಟೈಲರ್: ಮೀಡಿಯಂ. ಆಮೇಲೆ ಕ್ಲೋಸ್." ಕುರ್ಚಿ ಎಳೆದು ಕೂತ. ಪುಟ ತಿರುಗಿಸಿದ. "ಟೈಲರ್: ಮತ್ತೆ ಕ್ಲೋಸ್. ಚೆನ್ನಾಗಿದೆ." ಕೊನೆಗೆ, ಒಂದು ಪುಟದ ತುದಿಯಲ್ಲಿ, ಒಂಟಿಯಾಗಿ: "ಎದುರು ಮನೆ ತಾತ. ನಿಧಾನವಾಗಿ ಫೇಡ್ ಔಟ್."

ಒಂದು ಗಂಟೆಯೊಳಗೆ ಬೀದಿ ಪೂರ್ತಿ ಟೈಲರ್ ಅಂಗಡಿಯಲ್ಲಿತ್ತು.

"ರಸ್ತೆ ಅಗಲ ಮಾಡ್ತಾರೆ," ಅಂದ ಟೈಲರ್. "ಎಲ್ಲಾ ಬರೆದಿಟ್ಟಿದ್ದಾನೆ. ಅಮ್ಮಾ, ನಿಮ್ಮ ಮೆಟ್ಟಿಲು ಕಟ್. ನನ್ನದು ಮೊದಲು ಮೀಡಿಯಂ ಅಂತೆ, ಅಂದರೆ ಅರ್ಧ ಒಡೀತಾರೆ. ಆಮೇಲೆ ಕ್ಲೋಸೇ."

"ಮೆಟ್ಟಿಲು ಕಾಣದ ಹಾಗೆ ಕುಂಡ ಇಟ್ಟಿದ್ನಲ್ಲ," ಎಂದಳು ಔಷಧಿ ಅಂಗಡಿಯವಳು.

"ಕುಂಡಾನೂ ಬರೆದಿದ್ದಾನೆ. ಕುಂಡ, ಕೆಂಪು ಹೂವು, ಕ್ಲೋಸ್."

"ನನಗೇನು ಬರೆದಿದ್ದಾನೆ?" ಎಂದರು ತಾತ.

ಟೈಲರ್ ಡೈರಿ ಮುಚ್ಚಿದ.

"ಹೇಳ್ರೋ."

"ಫೇಡ್ ಔಟ್ ಅಂತಿದೆ ತಾತ," ಅಂದ ಟೈಲರ್. "ನಿಧಾನವಾಗಿ."

ತಾತ ಬೆರಳು ಮಡಿಚತೊಡಗಿದರು. "ನಿಧಾನ ಅಂದರೆ ಎಷ್ಟು ದಿನ?"

ಅದು ಡೈರಿಯಲ್ಲಿ ಇರಲಿಲ್ಲ.

ಅರ್ಜಿಯನ್ನು ಟೈಲರೇ ಬರೆದ. ಹದಿನೇಳು ಸಹಿ ಬಿತ್ತು. ಸದರಿ ಗುಮಾಸ್ತನು ಸಂಜೆ ಐದೂವರೆಯಿಂದ ಅಂಗಡಿಗಳು ಮುಚ್ಚುವ ಎಂಟರವರೆಗೆ ಬೀದಿಯಲ್ಲಾಗಲಿ, ಬೀದಿಗೆ ಕಾಣುವ ಬಾಗಿಲು ಕಿಟಕಿಗಳಲ್ಲಾಗಲಿ ಕುಳಿತು ನಮ್ಮನ್ನು ನೋಡಕೂಡದು, ಆ ಹೊತ್ತಿಗೆ ಅವನನ್ನು ಬೇರೆ ಎಲ್ಲಿಯಾದರೂ ಇರಿಸಬೇಕು, ಕನಿಷ್ಠ ಒಂದು ವರ್ಷ, ಎಂಬುದು ಪ್ರಾರ್ಥನೆ. ಸಾಕ್ಷಿಯಾಗಿ ಡೈರಿಯನ್ನು ಅರ್ಜಿಗೆ ಲಗತ್ತಿಸಿ, ಮರುದಿನ ಹತ್ತು ಗಂಟೆಗೆ ಪೌರ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೂ ಬಂದ.

ಅಲ್ಲಿಗೆ ಡೈರಿ ಡೈರಿಯಾಗಿ ಉಳಿಯಲಿಲ್ಲ. ಕಡತವಾಯಿತು.

ನಕ್ಷೆ ವಿಭಾಗದ ಸಾಹೇಬರು ಒಬ್ಬ ಎಚ್ಚರಿಕೆಯ ಮನುಷ್ಯ. ಅರ್ಜಿ ಬಂದ ತಕ್ಷಣ, ಕೊನೆಯ ಪ್ರಾರ್ಥನೆಯನ್ನಷ್ಟೇ ನೋಡಿ, ಮಿಕ್ಕದ್ದನ್ನು ಓದುವ ಮುಂಚೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಒಪ್ಪಿದೆ. ಕೋರಿರುವ ವೇಳೆಯಲ್ಲಿ ಸದರಿಯವರು ಬೇರೆಡೆ ಇರತಕ್ಕದ್ದು. ಈ ಆದೇಶ ಒಂದು ವರ್ಷ ಜಾರಿಯಲ್ಲಿರುತ್ತದೆ. ರದ್ದುಪಡಿಸಲು ಸಹಿ ಹಾಕಿದವರೆಲ್ಲರೂ ಖುದ್ದಾಗಿ ಬಂದು ಒಪ್ಪತಕ್ಕದ್ದು" ಎಂದು ಬರೆದು ಸಹಿ ಹಾಕಿ, ಎಲ್ಲರಿಗೂ ಒಂದೊಂದು ಪ್ರತಿ ಕಳಿಸಿದರು. ಹದಿನೇಳು ಸಹಿಯಿರುವ ಕಾಗದವನ್ನು ಅವರು ಮೊದಲು ಒಪ್ಪಿ ಆಮೇಲೆ ಓದುತ್ತಿದ್ದರು. ಓದಿ ಮುಗಿಸಿ ನಕ್ಷೆಯವನನ್ನು ಕರೆಸಿದರು.

"ಇದೇನ್ರೀ?"

"ಡೈರಿ, ಸಾರ್. ಸಿನಿಮಾ ಕೋರ್ಸಿಗೆ. ಶುಕ್ರವಾರದೊಳಗೆ ಕಳಿಸಬೇಕು."

"ಕಡತದಲ್ಲಿ ಬಂದಿರೋದನ್ನ ಹಾಗೆಲ್ಲ ಕಳಿಸೋಕಾಗಲ್ಲ. ಕ್ಲೋಸ್ ಅಂದರೆ ಏನು? ಯಾವ ನಿಯಮದ ಕೆಳಗೆ ಕ್ಲೋಸ್ ಮಾಡ್ತಿದ್ದೀರಿ?"

"ಮಾಡ್ತಿಲ್ಲ ಸಾರ್. ದೂರದಿಂದ ನೋಡಿದರೆ ಲಾಂಗ್, ಸೊಂಟದವರೆಗೆ ಕಂಡರೆ ಮೀಡಿಯಂ, ಕ್ಲೋಸ್ ಅಂದರೆ ಹತ್ತಿರದಿಂದ ನೋಡೋದು. ಬರೀ ಮುಖ ಕಾಣೋ ಹಾಗೆ."

"ಕಟ್?"

"ಅದನ್ನು ಬಿಟ್ಟು ಇದನ್ನು ನೋಡೋದು."

"ಫೇಡ್ ಔಟ್?"

"ತಾತ ಕುರ್ಚಿಯಲ್ಲಿ ಕೂತಿದ್ದರು. ಸಂಜೆಯಾಯಿತು. ಮೆಲ್ಲಗೆ ಕತ್ತಲಾಗಿ ಅವರು ಕಾಣಿಸಲಿಲ್ಲ. ಅಷ್ಟೇ ಸಾರ್."

"ಆಮೇಲೆ ಎಲ್ಲಿಗೆ ಹೋದರು?"

"ಎಲ್ಲಿಗೂ ಹೋಗಲಿಲ್ಲ. ಅಲ್ಲೇ ಇದ್ದರು."

"ಅಲ್ಲೇ ಇದ್ದರೆ ಔಟ್ ಅಂತ ಯಾಕೆ ಬರೆದ್ರಿ?"

ನಕ್ಷೆಯವನು ಉತ್ತರ ಹೇಳುವ ಮೊದಲೇ ಬಾಗಿಲು ತೆರೆಯಿತು. ತಾತ ಬಂದಿದ್ದರು. ಊರುಗೋಲು ಗೋಡೆಗೆ ಒರಗಿಸಿ, ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತು, "ನಾನಿನ್ನೂ ಫೇಡ್ ಔಟ್ ಆಗಿಲ್ಲ ಅಂತ ಬರೆದುಕೊಡಿ," ಎಂದರು.

"ಅಂಥ ಪ್ರಮಾಣಪತ್ರ ನಮ್ಮಲ್ಲಿ ಇಲ್ಲ, ಅಜ್ಜ."

"ಆಗಿದ್ದೀನಿ ಅಂತ ಬರೆಯೋಕೆ ನಿಮ್ಮಲ್ಲಿ ಆಳಿದ್ದಾನೆ. ಆಗಿಲ್ಲ ಅಂತ ಬರೆಯೋಕೆ ಇಲ್ಲವಾ?"

ತಾತ ಅವತ್ತು ಊಟದ ಹೊತ್ತಿನವರೆಗೆ ಕೂತರು. ಮರುದಿನವೂ ಬಂದರು. ಅವರಿಗೆ ಮನೆಗಿಂತ ಕಚೇರಿಯ ಫ್ಯಾನು ಹಿಡಿಸಿತ್ತು.

ಡೈರಿ ಕೊಡುವಂತಿಲ್ಲ, ಆದರೆ ದೃಢೀಕರಿಸಿದ ನಕಲು ಕೊಡಬಹುದು ಎಂದರು ಸಾಹೇಬರು. ನಕಲಿಗೆ ಮುಂಚೆ ವಿಚಾರಣೆ ಮುಗಿಯಬೇಕು. ವಿಚಾರಣೆಯೆಂದರೆ ಅವರು ಡೈರಿಯನ್ನು ಪುಟಪುಟವಾಗಿ ಓದಿ, ಕೆಂಪು ಶಾಯಿಯಲ್ಲಿ ಅಂಚಿನಲ್ಲಿ ಪ್ರಶ್ನೆ ಹಾಕುವುದು. "ತಂತಿಯ ಮೇಲಿನ ಬಟ್ಟೆ ಅಲ್ಲಾಡಿತು" ಎಂದು ನಕ್ಷೆಯವನು ಬರೆದಿದ್ದರೆ, ಪಕ್ಕದಲ್ಲಿ "ಅಲ್ಲಾಡಿದರೆ ಏನಾಯಿತು?" "ಹೆಂಗಸೊಬ್ಬಳು ಬಂದಳು, ಹೋದಳು" ಎಂಬಲ್ಲಿ "ಬಂದ ಉದ್ದೇಶ?" "ಏನೂ ಆಗಲಿಲ್ಲ" ಎಂಬಲ್ಲಿ ಎರಡು ಗೆರೆ ಎಳೆದು, "ಸಾಕ್ಷಿ ಯಾರು?"

ನಾಲ್ಕು ದಿನ ಹೀಗೆ ನಡೆಯಿತು. ನಕ್ಷೆಯವನು ಸಾಹೇಬರ ಬಾಗಿಲ ಹೊರಗೆ ತಾತನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಶುಕ್ರವಾರಕ್ಕೆ ಉಳಿದ ಗಂಟೆ ಎಣಿಸಿದ. ಗುರುವಾರ ಸಂಜೆ ಕಚೇರಿ ಬೀಗ ಹಾಕುವ ಹೊತ್ತಿಗೆ ನಕಲು ಸಿಕ್ಕಿತು. ಪ್ರತಿ ಪುಟಕ್ಕೂ ಗುಂಡನೆಯ ಮುದ್ರೆ, ಪ್ರತಿ ಅಂಚಿಗೂ ಕೆಂಪು ಪ್ರಶ್ನೆ. ಕಾಲೇಜಿನವರು ಇದನ್ನು ನೋಡಿದರೆ ಹದಿನೇಳನೆಯವರ ಮನೆಯಲ್ಲಿ ಇವತ್ತೇ ಸಿಹಿ ಹಂಚುತ್ತಾರೆ ಎಂದುಕೊಂಡೇ ಶುಕ್ರವಾರ ಬೆಳಗ್ಗೆ ತಾನೇ ಹೋಗಿ ಕೊಟ್ಟುಬಂದ.

ಇತ್ತ ವಿಚಾರಣೆಯಲ್ಲಿ ಹೊರಬಿದ್ದ ಸತ್ಯವನ್ನು ತಾತ ಬೀದಿಗೆ ತಲುಪಿಸಿದ್ದರು. ರಸ್ತೆ ಅಗಲ ಆಗುವುದಿಲ್ಲ. ಅದು ಸಿನಿಮಾದ ಭಾಷೆ. ಬೀದಿಯವರನ್ನೆಲ್ಲ ಮೂವತ್ತು ದಿನ ಸಿನಿಮಾದ ಹಾಗೆ ನೋಡಿದ್ದಾನೆ.

ಟೈಲರ್ ಹೊಲಿದ ಅಂಗಿ ಹಿಡಿದು ಬಾಗಿಲಿಗೇ ಬಂದ. ನಾಚಿಕೆಯ ಜಾಗದಲ್ಲಿ ಅವನ ಮುಖದ ಮೇಲೆ ಸಿಟ್ಟಿತ್ತು.

"ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆನಲ್ಲ, ನೋಡೋಕೆ ಅಂತ."

"ನನ್ನನ್ನ ನೋಡ್ತೀನಿ ಅಂತ ಹೇಳಲಿಲ್ಲವಲ್ಲ. ಆ ಹಳೇ ಬನಿಯನ್ ಹಾಕ್ಕೊಂಡು ಕೂತಿದ್ದೆ ದಿನಾ. ಕ್ಲೋಸ್ ಬೇರೆ ತಗೊಂಡಿದ್ದೀರಿ."

ಮರುದಿನ ಅವನ ಅಂಗಡಿಗೆ ಹೊಸ ಬೋರ್ಡು ಬಂತು. ಔಷಧಿ ಅಂಗಡಿಯವಳು ಐದೂವರೆಗೆ ಸರಿಯಾಗಿ ತಲೆ ಬಾಚಿಕೊಂಡು, ಗಿರಾಕಿಗೆ ಮಾತ್ರೆ ಕೊಡುವಾಗಲೂ ಮುಖವನ್ನು ಬೀದಿಯ ಕಡೆಗೇ ಇಟ್ಟುಕೊಂಡು ಕೊಡತೊಡಗಿದಳು. ಆದರೆ ಆದೇಶ ಆದೇಶವೇ. ನಕ್ಷೆಯವನು ಆ ಹೊತ್ತಿಗೆ ಹಿತ್ತಲಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ.

ವಾರದ ನಂತರ ಕಾಲೇಜಿನ ಉತ್ತರ ಬಂತು. ಮುದ್ರೆಯ ಮೇಲಿನ ವಿಳಾಸ ನೋಡಿ ಅವರು ಅದನ್ನು ಕಚೇರಿಗೇ ಕಳಿಸಿದ್ದರು, ಹಾಗಾಗಿ ಮೊದಲು ಓದಿದವರು ಸಾಹೇಬರು. ಡೈರಿ ಸ್ವೀಕರಿಸಲಾಗಿದೆ, ಸೀಟು ಖಾತ್ರಿ, ಸೋಮವಾರದೊಳಗೆ ಒಪ್ಪಿಗೆ ಪತ್ರ ತನ್ನಿ ಎಂದಿತ್ತು. ಕೆಳಗೆ ಇನ್ನೊಂದು ಸಾಲು: "ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುವವರು ಯಾರು? 'ಅಲ್ಲಾಡಿದರೆ ಏನಾಯಿತು' ಎಂಬ ಅವರ ಪ್ರಶ್ನೆಯನ್ನು ಮೊದಲ ವಾರದ ಚರ್ಚೆಗೆ ಇಟ್ಟುಕೊಂಡಿದ್ದೇವೆ. ಅವರೂ ಅರ್ಜಿ ಹಾಕಿದರೆ ಇನ್ನೊಂದು ಸೀಟು ಸೇರಿಸಬಹುದು."

ಸಾಹೇಬರು ಆ ಸಾಲನ್ನು ಮೂರು ಸಲ ಓದಿದರು. ಮೂವತ್ತು ವರ್ಷದಿಂದ ಅವರು ಅಂಚಿನಲ್ಲಿ ಬರೆಯುತ್ತಿದ್ದಾರೆ. ಚೆನ್ನಾಗಿದೆ ಎಂದವರು ಇವರೇ ಮೊದಲು.

"ಅಭಿನಂದನೆ ರೀ," ಅಂದರು. "ಆದರೆ ಒಂದು ತೊಂದರೆ ಇದೆ. ಒಂದು ವಿಭಾಗದಿಂದ ಒಬ್ಬರಿಗೇ ಒಪ್ಪಿಗೆ ಪತ್ರ ಕೊಡೋದು."

"ಕೇಳಿರೋದು ನಾನೊಬ್ಬನೇ ಅಲ್ಲವಾ ಸಾರ್?"

ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಒಂದು ಕಣ್ಣು ಸ್ವಲ್ಪ ಮುಚ್ಚಿದಂತಿತ್ತು. "ಹಿರಿತನ ಅಂತ ಒಂದಿದೆಯಲ್ಲ. ನೀವು ಮುಂದಿನ ವರ್ಷ ನೋಡಿ."

ನಕ್ಷೆಯವನು ಮನೆಗೆ ಬಂದು, ಹೊಸ ಅಂಗಿಯನ್ನು ಪೊಟ್ಟಣ ಸಮೇತ ಕಪಾಟಿನ ಮೇಲೆಸೆದು, ಹಿತ್ತಲಿಗೆ ಹೋಗಿ ಗೋಡೆಯ ಮುಂದೆ ಕೂತ. ರಟ್ಟು ಹಿಡಿಯಲಿಲ್ಲ. ಹೆಂಡತಿ ಎರಡು ಸಲ ಬಂದು ನೋಡಿದಳು. ಮೂರನೆಯ ಸಲ ಕೇಳಿದಳು.

"ಏನಂದರು, ಪೂರ್ತಿ ಹೇಳಿ."

ಹೇಳಿದ.

"ಅವತ್ತು ಒಂದು ಆದೇಶದ ಪ್ರತಿ ಬಂದಿತ್ತಲ್ಲ, ಎಲ್ಲಿದೆ?"

"ಏನಕ್ಕೆ?"

"ನೀವು ಓದಿರಲ್ಲ. ಕೊಡಿ ಇಲ್ಲಿ."

ಸೋಮವಾರ ಬೆಳಗ್ಗೆ ಅವಳು ಅರ್ಧ ದಿನ ರಜೆ ಹಾಕಿ ಪೌರ ಕಚೇರಿಗೆ ಬಂದಳು. ಇಷ್ಟು ವರ್ಷ ಕೌಂಟರಿನ ಒಳಗೆ ಕೂತವಳು ಮೊದಲ ಸಲ ಹೊರಗೆ ನಿಂತಿದ್ದಳು, ಆದರೆ ದನಿ ಒಳಗಿನದೇ.

"ಸಾರ್, ಇದು ನಿಮ್ಮ ಸಹೀನಾ?"

"ಹೌದು."

"ಐದೂವರೆಯಿಂದ ಎಂಟರವರೆಗೆ ನಮ್ಮ ಯಜಮಾನರು ಬೇರೆಡೆ ಇರತಕ್ಕದ್ದು, ಒಂದು ವರ್ಷ. ಇರಬಹುದು ಅಂತಲ್ಲ, ಇರತಕ್ಕದ್ದು. ಬೇರೆಡೆ ಅಂದರೆ ಎಲ್ಲಿ ಅಂತ ನೀವು ಬರೆದಿಲ್ಲ. ಜಾಗ ತೋರಿಸಿ."

"ಅಂದರೆ?"

"ಕಚೇರಿ ಐದಕ್ಕೆ ಮುಚ್ಚುತ್ತೆ, ಇಲ್ಲಿ ಆಗಲ್ಲ. ಕಾಲೇಜಿನವರು ಅದೇ ಹೊತ್ತಿಗೆ ಒಂದು ಕುರ್ಚಿ ಇಟ್ಟುಕೊಂಡು ಕಾಯ್ತಿದ್ದಾರೆ. ಅಲ್ಲಿ ಬೇಡ ಅಂದರೆ, ನಿಮ್ಮ ಮನೆಗೆ ಕಳಿಸ್ತೀನಿ. ಎಂಟಕ್ಕೆ ವಾಪಸ್ ಕಳಿಸಿ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಆದೇಶ ರದ್ದು ಮಾಡಬಹುದು."

"ಮಾಡಿ. ಸಹಿ ಹಾಕಿದ ಹದಿನೇಳು ಜನಾನೂ ಖುದ್ದಾಗಿ ಬಂದು ಒಪ್ಪಬೇಕು, ಕೊನೇ ಸಾಲಲ್ಲಿ ನೀವೇ ಬರೆದಿದ್ದೀರಿ. ಮೊದಲನೇ ಸಹಿಯವರು ಹೊರಗೆ ಬಂದು ಕೂತಿದ್ದಾರೆ."

ಸಾಹೇಬರು ಬಾಗಿಲ ಕಡೆ ನೋಡಿದರು. ಅರೆತೆರೆದ ಬಾಗಿಲಿನಲ್ಲಿ, ಬೆಂಚಿನ ಮೇಲೆ, ತಾತ ಕೂತಿದ್ದರು. ಮನೆಯಿಂದ ದಿಂಬು ತಂದಿದ್ದರು.

ಒಪ್ಪಿಗೆ ಪತ್ರಕ್ಕೆ ಎರಡು ನಿಮಿಷ ಹಿಡಿಯಿತು. ಒಂದು ಷರತ್ತಿನ ಮೇಲೆ: ನಕ್ಷೆಯವನು ಪ್ರತಿ ತರಗತಿಯ ಟಿಪ್ಪಣಿಯನ್ನು ಮರುದಿನ ಬೆಳಗ್ಗೆ ಸಾಹೇಬರ ಮೇಜಿನ ಮೇಲಿಡಬೇಕು. ಅಂಚು ಅಗಲವಾಗಿ ಬಿಟ್ಟಿರಬೇಕು.

ಮೊದಲ ತರಗತಿಯ ದಿನ ನಕ್ಷೆಯವನು ಕಚೇರಿಗೆ ಅರ್ಧ ದಿನ ರಜೆ ಹಾಕಿ, ಹೊಸ ಅಂಗಿ ತೊಟ್ಟು ಐದಕ್ಕೆ ಬೀದಿಗಿಳಿದ. ಬಸ್ಸಿನ ನಿಲ್ದಾಣ ಟೈಲರ್ ಅಂಗಡಿಯ ಪಕ್ಕದಲ್ಲೇ. ಬೀದಿ ಪೂರ್ತಿ ಸಿಂಗಾರವಾಗಿ ಕೂತಿತ್ತು. ಔಷಧಿ ಅಂಗಡಿಯವಳು ಕುಂಡ ಸರಿಸಿ ಮೆಟ್ಟಿಲು ಕಾಣುವಂತೆ ಮಾಡಿದ್ದಳು. ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಡೆಗೆ ಕುರ್ಚಿ ತಿರುಗಿಸಿಕೊಂಡಿದ್ದರು.

"ಹೊರಟೇಬಿಟ್ರಾ?" ಎಂದ ಟೈಲರ್. "ನಮ್ಮನ್ನ ಇನ್ನು ಯಾರು ನೋಡ್ತಾರೆ?"

"ನೋಡಬಾರದು ಅಂತ ನೀವೇ ತಾನೇ ಅರ್ಜಿ ಕೊಟ್ಟಿದ್ದು?"

"ಕೊಟ್ಟೆ. ಕೊಟ್ಟ ತಕ್ಷಣ ಕ್ರಮ ತಗೊಂಡುಬಿಡ್ತಾರೆ ಅಂತ ಯಾರಿಗೆ ಗೊತ್ತಿತ್ತು? ಚರಂಡಿಗೆ ಅರ್ಜಿ ಕೊಟ್ಟು ಆರು ವರ್ಷ ಆಯ್ತು."

ಬಸ್ಸು ಬಂತು. ನಕ್ಷೆಯವನು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ತಿರುಗಿ ನೋಡಿದ. ಟೈಲರ್ ಅಂಗಡಿಯಿಂದ ಇಳಿದು ಬೀದಿಯ ನಡುವೆ ನಿಂತಿದ್ದ. ಒಂದು ಕೈಯಲ್ಲಿ ಹೊಸದಾಗಿ ಕತ್ತರಿಸಿದ ರಟ್ಟು, ಇನ್ನೊಂದರಲ್ಲಿ ಅಳತೆ ಪುಸ್ತಕ. ಒಂದು ಕಣ್ಣು ಮುಚ್ಚಿ, ಬಸ್ಸನ್ನು ಚೌಕಟ್ಟಿನಲ್ಲಿ ಹಿಡಿದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಏನೋ ಬರೆದುಕೊಂಡ.

ನಕ್ಷೆಯವನಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿದ. "ನನ್ನನ್ನ ಏನಂತ ಬರೆದ್ರಿ?"

"ಲಾಂಗ್," ಎಂದು ಕೂಗಿದ ಟೈಲರ್.

ಬಸ್ಸು ಹೊರಟಿತು. "ಆಮೇಲೆ?"

ಟೈಲರ್ ಪುಸ್ತಕದ ಕಡೆ ಬಗ್ಗಿದ. ಅವನು ಬಾಯಿ ತೆರೆಯುವ ಮೊದಲೇ, ತಮ್ಮ ಕುರ್ಚಿಯಿಂದ, ಇಡೀ ಬೇಸಿಗೆ ಆ ಒಂದು ಮಾತಿಗಾಗಿಯೇ ಕಾದಿದ್ದವರಂತೆ, ತಾತ ಉತ್ತರ ಕೊಟ್ಟರು.

"ಫೇಡ್ ಔಟ್. ನಿಧಾನವಾಗಿ."